ಬೂಟಿನ ಖಾತೆಗೆ ಬರೆದದ್ದು

ಅಕ್ರಾದ ಕಚೇರಿಯಲ್ಲಿ ಬಾಗಿಲು ಮುಚ್ಚಿ, ಏಸಿ ಹಾಕಿ
ಗೋಡೆಯ ಮೇಲೊಂದು ಗೆರೆ ತೋರಿಸಿದರು:
ಐದು ವರ್ಷದಿಂದ ಇಳಿಯುತ್ತಲೇ ಇದೆ,
ನೆಗಡಿಯಾದ ಮಗುವಿನ ಮೂಗಿನ ಹಾಗೆ.
"ಜನ ಈಗ ಕ್ಯಾನ್ವಾಸು ಮೆಟ್ಟುತ್ತಾರೆ, ರಬ್ಬರು ಮೆಟ್ಟುತ್ತಾರೆ.
ನಮ್ಮ ಪಾಲಿಶು ಇನ್ನು ಯಾರಿಗೆ ಬೇಕು?
ಹೋಗು ಅಫ್ರಕೋಮಾ, ಬೆಳೆಯುವ ಜಾಗ ಹುಡುಕಿಕೊಂಡು ಬಾ.
ಮೂರು ವಾರ. ಹನ್ನೆರಡು ಸ್ಲೈಡು."

ಚೀಲದಲ್ಲಿ ಇಪ್ಪತ್ತು ಡಬ್ಬಿ,
ಮುಚ್ಚಳದ ಮೇಲೊಂದು ಕರಿಬೂಟು,
ಬೂಟಿನ ಮೂತಿಯಲ್ಲಿ ನಕ್ಷತ್ರ.

ಕುಮಾಸಿಯಲ್ಲಿ ಮೊದಲ ವಾರ ಬರೀ ಪ್ರಶ್ನೆ ಕೇಳಿದೆ.
ತಿಂಗಳಿಗೆಷ್ಟು? ಒಂದು.
ಹಿಡಿಸಿತೆ? ಹಿಡಿಸಿತು.
ಬಣ್ಣ? ಕಪ್ಪು.
ಎಲ್ಲರೂ ನನ್ನನ್ನು ಖುಷಿಪಡಿಸಿ ಕಳಿಸಿಕೊಟ್ಟರು.

ಎರಡನೆಯ ವಾರ ಪ್ರಶ್ನೆಪತ್ರಿಕೆಯನ್ನು ಬೀಸಣಿಗೆ ಮಾಡಿಕೊಂಡು
ಕೆಜೆಟಿಯಾ ಮಾರ್ಕೆಟ್ಟಿನಲ್ಲಿ, ಸೆರ್ವಾಳ ಅಂಗಡಿಯ ಮುಂದೆ
ಸುಮ್ಮನೆ ಕೂತೆ.
ಹಾಲಿನ ಟಿನ್ನಿನ ಲಾರಿಯೊಂದು
ನಮ್ಮ ನಾಲ್ಕು ಖಾಲಿ ಡಬ್ಬಿಗಳ ಮೇಲೆ ಉರುಳುತ್ತ ಚರಂಡಿ ದಾಟಿತು,
ದಾರ ಹಿಡಿದ ಹುಡುಗ ಬಾಯಲ್ಲೇ ಹಾರನ್ನು ಹೊಡೆಯುತ್ತಿದ್ದ.
ಕ್ಷೌರದವನು ಗಿರಾಕಿಯ ಹಣೆಯಂಚಿಗೆ
ಕಿರುಬೆರಳಲ್ಲಿ ನಮ್ಮದೇ ಕಪ್ಪು ತೀಡಿದ,
ನನ್ನ ಚೀಲ ಕಂಡು ಡಬ್ಬಿ ಬಚ್ಚಿಟ್ಟ.
ಬರೆದುಕೊಂಡೆ. ಹೊಡೆದುಹಾಕಿದೆ.
ಕಂಡ ಕಿಂಡಿಯೆಲ್ಲ ಬಾಗಿಲಲ್ಲ.

ಸೆರ್ವಾ ಅವರೆ ಆರಿಸುತ್ತ ಅಂದಳು,
"ವಾರಕ್ಕೆ ಮೂರು ಡಜನ್ನು ಒಯ್ಯುವ ಮುದುಕನೊಬ್ಬ ಇದ್ದಾನೆ."
"ಅವನ ಮನೆಯಲ್ಲಿ ಎಷ್ಟು ಕಾಲು?"
"ಅವನವೇ ಎರಡು.
ಅವಕ್ಕೂ ಹವಾಯಿ ಚಪ್ಪಲಿ."

ಟ್ರೋಟ್ರೋ ಹತ್ತಿ ಅಹ್ವಿಯಾದಲ್ಲಿ ಇಳಿದೆ.
ಉಳಿಯ ಸದ್ದು, ಕಾಲ ಕೆಳಗೆ ಮರದ ಹೊಟ್ಟು.
ಒಪಾನಿನ್ ಅಂಪೋಫೊ ಸೆಸೆ ಮರದ ಬಿಳಿ ಪೀಠವನ್ನು
ತೊಡೆಯ ನಡುವೆ ಇರಿಸಿಕೊಂಡು
ಹಲ್ಲುಜ್ಜಿ ಬಿಟ್ಟ ಬ್ರಶ್ಶಿನಲ್ಲಿ ನಮ್ಮ ಪಾಲಿಶು ಹಚ್ಚುತ್ತಿದ್ದ.
ಮೂಲೆ ಮೂಲೆಗೆ, ಕಿವಿ ತೊಳೆಸುವ ತಾಯಿಯ ಹಾಗೆ.
"ಮೂವತ್ತು ವರ್ಷದಿಂದ," ಅಂದ. "ಅಪ್ಪನೂ ಇದನ್ನೇ."

ಮೂವತ್ತು ವರ್ಷ ಆ ಡಬ್ಬಿಗಳೆಲ್ಲ
ನಮ್ಮ ಪುಸ್ತಕದಲ್ಲಿ ಬೂಟಿನ ಖಾತೆಗೆ ಬಿದ್ದಿವೆ.
ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ,
ನಮ್ಮವರು ಹಿತ್ತಲಿಗೆ ಹೋದದ್ದೇ ಇಲ್ಲ.

ಒಂದೇ ಪ್ರಶ್ನೆ ಉಳಿದಿತ್ತು: "ಇದರಲ್ಲೇನು ಕೊರತೆ?"
ಅವನು ಪೀಠವೆತ್ತಿ ನನ್ನ ಮೂಗಿಗೆ ಹಿಡಿದ.

ಸೋಮವಾರದ ಬೆಳಿಗ್ಗೆ. ಶಾಲೆಯ ಸಾಲು.
ಹೆಡ್‌ಮಾಸ್ಟರರ ಬೂಟು ಹತ್ತಿರ ಬರುತ್ತಿದೆ.

"ಪೀಠ ಅಂದರೆ ಕೂತವನ ಜೀವ ಬಂದಿಳಿಯುವ ಜಾಗ," ಅಂದ ಮುದುಕ,
"ಅದಕ್ಕೆ ಕಾಲಿನ ವಾಸನೆ ಬಳಿಯುತ್ತಿದ್ದೇನೆ.
ಬೇರೇನೂ ಸಿಗದೆ."

ನನ್ನ ತಲೆಯಲ್ಲಿ ಆಗಲೇ ಸ್ಲೈಡು ಕೂಡಿಕೊಳ್ಳುತ್ತಿತ್ತು:
ಜೇನುಮೇಣ, ಶಿಯಾ ಬೆಣ್ಣೆ,
ಮುಚ್ಚಳದಿಂದ ಬೂಟು ಇಳಿಸಿ ಮರ ಹತ್ತಿಸುವುದು,
ಮೇಜು, ಕುರ್ಚಿ, ಚರ್ಚಿನ ಬೆಂಚು, ಊರೂರ ಡೋಲು,
ಗೋಡೆಯ ಮೇಲಿನ ಗೆರೆ ತಲೆಯೆತ್ತುವುದು.
ಅವನು ನನ್ನ ಮುಖ ಓದಿರಬೇಕು.
"ಬರೆದುಕೋ ತಾಯಿ. ಆದರೆ ಚಿತ್ರ ಬದಲಾದ ದಿನ
ಬೆಲೆಯೂ ಬದಲಾಗುತ್ತದೆ.
ಆ ದಿನ ನಾನು ಮತ್ತೆ
ಬೂಟಿನ ಡಬ್ಬಿಯನ್ನೇ ಕೇಳುತ್ತೇನೆ."

ಅಕ್ರಾಕ್ಕೆ ಮರಳುವ ಬಸ್ಸಿನಲ್ಲಿ ಉಗುರ ಸಂದಿ ಕಪ್ಪಾಗಿತ್ತು.
ಕಿಟಕಿಯ ಗಾಜಿಗೆ ಒತ್ತಿದ ಬೆರಳಚ್ಚು ಎನ್ಸಾವಮ್‌ವರೆಗೂ ನನ್ನೊಡನೆ ಬಂತು.
ಹನ್ನೊಂದು ಸ್ಲೈಡು ಮುಗಿಸಿದೆ.
ಹನ್ನೆರಡನೆಯದರಲ್ಲಿ 'ಬೆಲೆ' ಎಂದು ಬರೆದು
ಮುಂದೆ ಬಿಳಿಯಾಗಿಯೇ ಬಿಟ್ಟೆ, ಸೆಸೆ ಮರದ ಹಾಗೆ.

"ಇಲ್ಲೇನು?" ಎಂದರು ಕ್ವಾನ್ಸಾ ಸಾಹೇಬರು.
ಉತ್ತರ ನನ್ನಲ್ಲಿರಲಿಲ್ಲ. ಚೀಲದಿಂದ ಪುಟ್ಟ ಪೀಠ ತೆಗೆದು
ಮೇಜಿನ ಮೇಲಿಟ್ಟೆ. "ಮೂಸಿ ನೋಡಿ," ಎಂದೆ.
ಬಾಗಿದರು. ಟೈ ಪೀಠಕ್ಕೆ ತಗುಲಿತು.
ತುಸು ಹೊತ್ತು ಹಾಗೇ ಇದ್ದು,
ಮೆಲ್ಲಗೆ, ಯಾರೂ ನೋಡುತ್ತಿಲ್ಲವೆಂಬಂತೆ,
ಮೇಜಿನಡಿಯ ತಮ್ಮ ಬೂಟು
ನೋಡಿಕೊಂಡರು.